ಸಿನಿಮಾದಲ್ಲಿ ಬಿದ್ದ ಕುದುರೆ

ಮೊನ್ನೆ ಟಿ.ವಿ.ಯಲ್ಲಿ ಮಂಗೋಲ್ ದೊರೆಯೊಬ್ಬನ ಹಳೇ ಸಿನಿಮಾ ಮತ್ತೆ ಹಾಕಿದಾಗ, ಅಂಟಿಸಿದ ಮೀಸೆ, ಬಣ್ಣ ಬಳಿದ ಬೆಟ್ಟ ನೋಡಿ ಮಕ್ಕಳು ನಕ್ಕರು. ನನಗೆ ಮಾತ್ರ ಬೆಂದ ಹುರುಳಿಯ ವಾಸನೆ ಬಂತು.

ನನ್ನ ಬಾಲ್ಯದಲ್ಲಿ, ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಚಿಕ್ಕಪ್ಪ ಅದರ ವಿಡಿಯೋ ಕ್ಯಾಸೆಟ್ ತಂದಿದ್ದ ಮಧ್ಯಾಹ್ನ, ಅರ್ಧ ಬೀದಿಯೇ ಟಿ.ವಿ. ಮುಂದೆ ಕೂತಿತ್ತು. ಜಟಕಾ ಹೊಡೆಯುತ್ತಿದ್ದ ತಾತ, ಕುದುರೆಗೆ ಹುರುಳಿ ತಿನ್ನಿಸಿದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತ. ಯುದ್ಧ ಶುರುವಾಯಿತು. ಓಡುತ್ತಿದ್ದ ಬಿಳಿ ಕುದುರೆ ಮುಗ್ಗರಿಸಿ ಕತ್ತಿನ ಮೇಲೆ ಬಿತ್ತು. ಎಲ್ಲರೂ ಶಿಳ್ಳೆ ಹೊಡೆದರು. ತಾತ ಜನರನ್ನು ದಾಟಿಕೊಂಡು ಬಂದು ಟಿ.ವಿ. ಆರಿಸಿಬಿಟ್ಟ.

ಚಿಕ್ಕಪ್ಪ ರೇಗಿ ಎದ್ದ. "ಸಿನ್ಮಾ ಕಣಪ್ಪ ಅದು! ಎಲ್ಲಾ ಸುಳ್ಳು!"

"ಎರಡು ಮುಂಗಾಲೂ ಒಟ್ಗೇ ಮಡಿಸ್ಕಂಡು ಯಾವ ಕುದ್ರೆ ಬೀಳ್ತದ್ಲಾ? ಕಾಲಿಗೆ ತಂತಿ ಕಟ್ಟಿ ಎಳ್ದವ್ರೆ." ತಾತನ ಹುರುಳಿ ಮೆತ್ತಿದ ಕೈ ಟಿ.ವಿ.ಯ ಗುಂಡಿಯ ಮೇಲೇ ಇತ್ತು. "ಸತ್ತಂಗೆ ಬಿದ್ದೋರೆಲ್ಲಾ ಎದ್ದೋಗಿ ಉಂಡಿರ್ತಾರೆ. ಆ ಕುದ್ರೆ ಎದ್ದಿರ್ತದೇನ್ಲಾ?"