ಮೂರನೇ ಪ್ಯಾರಾ

“ಬಂಡಲ್ ಆಮೇಲೆ ಬಿಚ್ಚಿ ಮೇಡಂ. ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ.”

ಅರ್ಥಶಾಸ್ತ್ರದ ಮೇಡಂ ಉತ್ತರಪತ್ರಿಕೆಗಳ ಗಂಟಿನಿಂದ ಕೈ ತೆಗೆದಳು. ಹದಿನೆಂಟು ವರ್ಷ ಇದೇ ಪ್ರಿನ್ಸಿಪಾಲರ ಕೋಣೆಯಲ್ಲಿ ನಕಲು ಹೊಡೆದ ಮಕ್ಕಳ ಬೆವರಿಳಿಸಿದ್ದವಳು. ಇಂದು ಬೆವರು ಅವಳದೇ. ಎದುರಿಗಿದ್ದವನು ಕೇಂದ್ರ ಬ್ಯಾಂಕಿನ ತನಿಖಾಧಿಕಾರಿ. ಪ್ರಿನ್ಸಿಪಾಲರು ಕಾಲೇಜಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದರು.

ಅಧಿಕಾರಿ ಎರಡು ಹಾಳೆ ಮುಂದಿಟ್ಟ. ಒಂದು, ನಿನ್ನೆ ಗುರುವಾರ ಬ್ಯಾಂಕಿನ ಗವರ್ನರ್ ಓದಿದ ಬಡ್ಡಿದರದ ಹೇಳಿಕೆ. ಅದರ ಮೂರನೇ ಪ್ಯಾರಾಕ್ಕೆ ಕೆಂಪು ಗೆರೆ ಬಿದ್ದಿತ್ತು: “ಬ್ಯಾಂಕುಗಳು ನಮ್ಮಲ್ಲಿಟ್ಟ ಹಣಕ್ಕೆ ನಾವು ಕೊಡುವ ಬಡ್ಡಿಯೇ ನೆಲ. ನೆಲವನ್ನು ಎತ್ತಿದರೆ ಮೇಲೆ ನಿಂತವರೆಲ್ಲ ತಾವಾಗಿ ಏರುತ್ತಾರೆ, ಯಾರನ್ನೂ ಕೈಹಿಡಿದು ಎಳೆಯಬೇಕಾಗಿಲ್ಲ.” ಇನ್ನೊಂದು, ಅವಳ ವಿದ್ಯಾರ್ಥಿನಿಯೊಬ್ಬಳು ಸೋಮವಾರ ಕಿರುಪರೀಕ್ಷೆ ಮುಗಿಸಿ ಗೆಳತಿಯರಿಗೆ ಕಳಿಸಿದ ಮೆಸೇಜು: ‘ನಾನು ಹೀಗೆ ಬರೆದೆ, ಸರೀನಾ?’ ಕೆಳಗೆ ಅದೇ ಮಾತು. ಒಂದಕ್ಷರ ಆಚೀಚೆ ಇಲ್ಲ.

“ಗವರ್ನರ್ ಓದೋಕೆ ಮೂರು ದಿನ ಮೊದಲು,” ಅಂದ ಅಧಿಕಾರಿ. “ಬಡ್ಡಿ ಏರುತ್ತೆ ಅಂತ ಮುಂಚೆ ಗೊತ್ತಾದವನು ಎಷ್ಟು ಕೋಟಿ ಬಾಚಬಹುದು, ನಿಮಗೆ ನಾನು ಹೇಳಬೇಕಾ?”

“ಪಾಠ ಮಾಡಿದ್ದೆ ಸಾರ್. ಬ್ಯಾಂಕುಗಳು ನಿಮ್ಮಲ್ಲಿ ಇಡಬೇಕಾದ ಮೀಸಲು ಹಣದ ಪ್ರಮಾಣ ಏರಿಸಿ ಸಾಲ ಬಿಗಿ ಮಾಡೋದು ಹಳೇ ಪುಸ್ತಕದ ಮಾತು. ಈಗ ಬ್ಯಾಂಕುಗಳ ಹತ್ರ ಮೀಸಲು ಬೇಕಾದಷ್ಟಿದೆ. ನಿಮ್ಮಲ್ಲಿ ಹೆಚ್ಚು ಬಡ್ಡಿ ಸಿಗೋವಾಗ ಹೊರಗೆ ಕಮ್ಮಿಗೆ ಯಾರು ಸಾಲ ಕೊಡ್ತಾರೆ? ಅಷ್ಟೇ ಹೇಳಿಕೊಟ್ಟಿದ್ದು.”

“ಪಾಠ ಎಲ್ರೂ ಮಾಡ್ತಾರೆ. ಈ ಮಾತು ಎಲ್ಲಿಂದ ಬಂತು? ಗವರ್ನರ್ ಹೇಳಿಕೆಯ ಕರಡು ಬರೆಯೋರು ನಿಮ್ಮ ಯಜಮಾನರೇ ಅಲ್ವಾ?”



ಘೋಷಣೆಗೆ ಮುಂಚಿನ ಹತ್ತು ದಿನ ಕೇಂದ್ರ ಬ್ಯಾಂಕಿನವರಿಗೆ ಮೌನದ ದಿನಗಳು. ಉಳಿದವರು ಕಚೇರಿಯ ಮಾತು ಬಿಟ್ಟರೆ ಅವಳ ಗಂಡ ಮಾತನ್ನೇ ಬಿಡುತ್ತಾನೆ. ಅಷ್ಟು ಪುಕ್ಕಲು. ‘ಉಪ್ಪು ಕಡಿಮೆ’ ಎನ್ನುವುದನ್ನೂ ಮೊಂಡು ಪೆನ್ಸಿಲಿನಲ್ಲಿ ಚೀಟಿ ಬರೆದು ತಟ್ಟೆಯ ಪಕ್ಕ ಇಡುತ್ತಾನೆ. ಅಂಥವನು ಬಾಯಿಬಿಟ್ಟಾನೆಯೇ? ಆದರೆ ಭಾನುವಾರ ಆ ಹುಡುಗಿ ಸಂಶಯ ಕೇಳಲು ಮನೆಗೆ ಬಂದಿದ್ದಳು. ಬಾಗಿಲು ತೆಗೆದವನು ಅವನೇ. ತಾನು ಒಲೆಯಿಂದ ಹಾಲು ಇಳಿಸಿ ಬರುವಷ್ಟರಲ್ಲಿ ಐದು ನಿಮಿಷ ಆಗಿತ್ತು. ಅವನ ಕೆಲಸ ಹೋದರೆ ಹೋಗಲಿ, ಜೈಲಿಗೆ ಹಾಕಿದರೆ ಗತಿಯೇನು?

“ಮಕ್ಕಳು ಯಾರಾದ್ರೂ ನಿಮ್ಮ ಮನೆಗೆ ಬರ್ತಾರಾ?”

“ಇಲ್ಲ,” ಅಂದಳು. ಆ ಕೋಣೆಯಲ್ಲಿ ಅವಳಾಡಿದ ಮೊದಲ ಸುಳ್ಳು.

ಹುಡುಗಿಯನ್ನು ಕರೆಸಿದರು. ಎಲ್ಲದಕ್ಕೂ ‘ಯಾಕೆ’ ಎಂದು ಕೇಳಿ ಕೇಳಿ ತರಗತಿಯಲ್ಲಿ ‘ಯಾಕಮ್ಮ’ ಎಂದೇ ಹೆಸರಾದವಳು. ಹೆದರಿ ಮುಖ ಬಿಳಿಚಿಕೊಂಡಿತ್ತು, ನಾಲಿಗೆ ಮಾತ್ರ ಹೆದರಿರಲಿಲ್ಲ.

“ಯಾರು ಹೇಳಿಕೊಟ್ರು ಇದನ್ನ?”

“ಯಾರೂ ಇಲ್ಲ. ನಾನೇ ಬರೆದೆ.”

“ಗವರ್ನರ್ ಹೇಳೋ ಮಾತು ನಿನಗೆ ಹೊಳೀತಾ?”

“ಯಾಕೆ ಸಾರ್? ಅವರಿಗೆ ಹೊಳೀಬಹುದು, ನನಗೆ ಹೊಳೀಬಾರ್ದಾ?” ಮೇಡಂ ಕಡೆ ನೋಡಿದಳು. “ಭಾನುವಾರ ಮೇಡಂ ಮನೇಲಿ ಅಂಕಲ್‌ನ ಕೇಳಿದ್ದೆ, ಇದನ್ನ ಸುಲಭವಾಗಿ ಹೇಗೆ ಹೇಳೋದು ಅಂತ. ಬಾಯಿ ಮೇಲೆ ಬೆರಳಿಟ್ಕೊಂಡು ಒಳಗೆ ಓಡಿಹೋದ್ರು.”

ಅಧಿಕಾರಿ ನಿಧಾನವಾಗಿ ಮೇಡಂ ಕಡೆ ತಿರುಗಿದ. “ಮನೆಗೆ ಯಾರೂ ಬರಲ್ಲ ಅಂದ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತಾಯಿತು.

“ಕರಡು ಮುಗಿದದ್ದು ಮಂಗಳವಾರ ಬೆಳಿಗ್ಗೆ. ಹುಡುಗಿ ಬರೆದದ್ದು ಸೋಮವಾರ. ಮುಗಿಯೋಕೆ ಮುಂಚೆಯೇ ಸೋರಿದೆ ಅಂದ್ರೆ ಬರೆದ ಕೈಯಿಂದಲೇ ಸೋರಿರಬೇಕು. ಈಗ ಬಿಚ್ಚಿ.”

ಸೋಮವಾರ ಸಂಜೆ ಊಟದ ಮೇಜಿನ ಮೇಲೆಯೇ ತಿದ್ದಿ ಕಟ್ಟಿಟ್ಟ ಬಂಡಲ್ಲು. ಆಮೇಲೆ ಅವಳು ಬಿಚ್ಚಿರಲಿಲ್ಲ. ಆ ಸಂಜೆ ಗಂಡ ಎದುರಿಗೇ ಗಲ್ಲಕ್ಕೆ ಕೈಕೊಟ್ಟು, ಪೆನ್ಸಿಲ್ ಕಚ್ಚುತ್ತ, ಏನೋ ಕಳೆದುಕೊಂಡವನಂತೆ ಕೂತಿದ್ದ. ಅವಳು ಯಾವಾಗಲೂ ಸರಗಂಟು ಹಾಕುವವಳು. ಈಗ ಎಳೆದಳು, ಬಿಚ್ಚಿಕೊಳ್ಳಲಿಲ್ಲ. ಯಾರೋ ಎರಡೆರಡು ಗಂಟು ಬಿಗಿದಿದ್ದರು. ಕೊನೆಗೆ ಅಧಿಕಾರಿಯೇ ದಾರ ಕತ್ತರಿಸಿದ.

ಅವನು ಯಾಕಮ್ಮನ ಹಾಳೆ ಹುಡುಕಿ ತೆಗೆದ. ನೆಲದ ಮಾತು ಅಲ್ಲಿತ್ತು. ಪಕ್ಕದಲ್ಲಿ ಮೇಡಂ ಕೆಂಪು ಶಾಯಿ: ‘ಕಥೆ ಬೇಡ, ಪುಸ್ತಕದಲ್ಲಿದ್ದಂತೆ ಬರೆ. ಒಂದು ಅಂಕ ಕಡಿತ.’ ಅದರ ಕೆಳಗೆ ಇನ್ನೇನೋ ಇತ್ತು. ಅಧಿಕಾರಿ ಓದಿದ. ಮತ್ತೆ ಓದಿದ. ಹಣೆ ಒರೆಸಿಕೊಂಡು ಹಾಳೆಯನ್ನು ಅವಳತ್ತ ತಿರುಗಿಸಿದ.

ಮೊಂಡು ಪೆನ್ಸಿಲಿನ ಅಕ್ಷರ: ‘ವಾರದಿಂದ ತಡಕಾಡಿದರೂ ನನಗೆ ಹೊಳೆಯದ ಮಾತು ಕಣೇ ಇದು, ಗವರ್ನರಿಗೆಂದು ಕದ್ದಿದ್ದೇನೆ, ಹುಡುಗಿಗೆ ಆ ಒಂದು ಮಾರ್ಕ್ಸು ವಾಪಸ್ ಕೊಡು.’