ಮೂರನೆಯ ದನಿ

ಬಂದವಳು ಮಹತಿ ಅಲ್ಲ. ಶಿವಗಂಗಾಳಿಗೆ ಅದು ಬಾಗಿಲಲ್ಲೇ ಗೊತ್ತಾಗಿಹೋಯಿತು. ಮೂಗು ಅದೇ, ಹಲ್ಲಿನ ಸಂದಿ ಅದೇ, ಕಂಠವಂತೂ ಪಡಿಯಚ್ಚು. ಆದರೂ ಅಲ್ಲ.

ಪಕ್ಕದಲ್ಲಿ ನಿಂತಿದ್ದ ಪೂರ್ಣಶ್ರೀ ಬೆವರುತ್ತಿದ್ದಳು. ರಾಯಚೂರಿನ ಬಿಸಿಲಿಗೆ ಯಾರು ಬೆವರುವುದಿಲ್ಲ ಹೇಳಿ.

ಮಹತಿಯ ತಾಯಿ ಕಾವೇರಿಬಾಯಿ ಮಾತ್ರ ಬಂದವಳ ಕೆನ್ನೆ ಸವರಿ ಗೊಳೋ ಎಂದು ಅತ್ತರು. "ನನ್ನ ಕೂಸು ಬಂತು" ಎಂದು ಓಣಿಗೆಲ್ಲ ಸಕ್ಕರೆ ಹಂಚಿದರು. ಹೆತ್ತವಳೇ ಒಪ್ಪಿದ ಮೇಲೆ ಬೇರೆಯವರದ್ದೇನು? ಓಣಿಯ ಹೆಂಗಸರು ತಬ್ಬಿಕೊಂಡು ಬೈದರು. "ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದಿ ಬೇ?"

ಇಪ್ಪತ್ತು ವರ್ಷಗಳ ಹಿಂದೆ 'ಮೂರೆಳೆ' ಎಂದರೆ ಜನ ಪ್ರಾಣ ಬಿಡುತ್ತಿದ್ದರು. ಶಿವಗಂಗಾ, ಪೂರ್ಣಶ್ರೀ, ಮಹತಿ; ಮೂವರು ಹುಡುಗಿಯರು, ಮೂರು ದನಿ. ಯಾವ ಆಟೊ ಹತ್ತಿದರೂ ಅವರದೇ ಕ್ಯಾಸೆಟ್ಟು. ಆಮೇಲೆ ದೊಡ್ಡ ಕಂಪನಿಯೊಂದು ಮಹತಿಯೊಬ್ಬಳನ್ನೇ ಹಾಡಲು ಕರೆಯಿತು. ಅದೇ ವಾರ, ಮಾನ್ವಿಯ ಕಾರ್ಯಕ್ರಮ ಮುಗಿದ ಮೇಲೆ, ಅವಳು ಮಾಯವಾದಳು. ದೇವದುರ್ಗದ ಬಸ್ಸು ಹತ್ತಿ ಯಾರ ಸಂಗಡವೋ ಓಡಿಹೋದಳಂತೆ. ಗೆಳತಿಯರಿಬ್ಬರೂ ಹಾಗೇ ಹೇಳಿದರು, ಊರೂ ಹಾಗೇ ನಂಬಿತು.

ಗುಂಪು ಒಡೆಯಿತು. ಶಿವಗಂಗಾ ಅಕ್ಕಿ ಗಿರಣಿಯವರ ಮನೆಯ ಸೊಸೆಯಾಗಿ ಮೈಕು ಮರೆತಳು. ಮರೆತಳು ಅನ್ನುವುದು ಬಾಯಿ ಮಾತಿಗೆ. ಅಡುಗೆಮನೆಯಲ್ಲಿ ಸೌಟು ಹಿಡಿದು ಹಾಡಿಕೊಳ್ಳುತ್ತಿದ್ದಳು, ಪಾಪ.

ಈಗ ರಾಯಚೂರಿನಲ್ಲಿ ಸ್ಟುಡಿಯೊ ಇಟ್ಟಿರುವ ನಾಹಿದ್ ತಾನಾಗಿ ಶಿವಗಂಗಾಳ ಮನೆಗೇ ಬಂದಿದ್ದಳು. ಮೂವರೂ ಕೂಡಿದರೆ ಜನರ ಮುಂದೆ ಹಾಡಿಸಿ ಲೈವ್ ಆಲ್ಬಮ್, ಇಬ್ಬರೇ ಆದರೆ ಇಲ್ಲ. ಶಿವಗಂಗಾ ಬಾಯಿ ಮುಚ್ಚಿಕೊಂಡಳು. ನಿಜ ಹೇಳಿದರೆ ಆಲ್ಬಮ್ ಹೋಗುತ್ತದೆ, ಆ ಮುದುಕಿಯ ಜೀವವೂ ಹೋಗುತ್ತದೆ. ಯಾರಿಗೆ ಬೇಕಾಗಿದೆ ಆ ಪಾಪ?

"ಕಾರ್ಯಕ್ರಮ ಮುಗಿಯೋತನಕ ಕಿವಿ ಮೈಕ್ ತೆಗೀಬ್ಯಾಡ್ರಿ ಅಕ್ಕಾ" ಎಂದಷ್ಟೇ ನಾಹಿದ್ ಹೇಳಿದ್ದಳು.

ಕಾರ್ಯಕ್ರಮ ಗೆದ್ದಿತು. ಜನ ಕುರ್ಚಿ ಹತ್ತಿ ಕುಣಿದರು. ವಿರಾಮದಲ್ಲಿ ಪೂರ್ಣಶ್ರೀ ಮಾತ್ರ ಪರದೆಯ ಹಿಂದೆ ಕುಸಿದು ಕೂತಿದ್ದಳು. ಶಿವಗಂಗಾ ಏನೋ ಗದರಿ ಎಬ್ಬಿಸಿ, ಮತ್ತೆ ದೀಪದ ಬೆಳಕಿಗೆ ತಂದು ನಿಲ್ಲಿಸಿದ್ದಳು.

ಇವತ್ತು ಆಲ್ಬಮ್ ಕೇಳುವ ದಿನ. ಸ್ಟುಡಿಯೊದಲ್ಲಿ ಕಾವೇರಿಬಾಯಿ ಬಂದವಳ ಕೈ ಹಿಡಿದುಕೊಂಡು ಕೂತಿದ್ದರು, ಪೂರ್ಣಶ್ರೀ ಮೂಲೆಯಲ್ಲಿದ್ದಳು. ಒಂದೊಂದೇ ಹಾಡು ಬಂತು. ಶಿವಗಂಗಾಳ ಕಣ್ಣಲ್ಲಿ ನೀರು. ಅಯ್ಯೋ, ಈ ದನಿಯನ್ನು ಇಷ್ಟು ವರ್ಷ ಒಲೆಯ ಮುಂದೆ ಕೊಳೆಸಿದೆನಲ್ಲ! ಕೊನೆಯ ಹಾಡು ಮುಗಿಯಿತು, ಚಪ್ಪಾಳೆಯೂ ಮುಗಿಯಿತು.

ನಾಹಿದ್ ನಿಲ್ಲಿಸಲಿಲ್ಲ. ವಿರಾಮದ ಹೊತ್ತಿನದು ಇನ್ನೂ ಒಂದಿಷ್ಟು ಇತ್ತು. ಸ್ಪೀಕರಿನಲ್ಲಿ ಪೂರ್ಣಶ್ರೀಯ ಪಿಸುದನಿ ಕೇಳಿಸಿತು.

"ಇಕಿ ಮಹತಿ ಅಲ್ಲ, ಗಂಗಾ. ಇಕಿ ಬಾಜೂ ನಿಂತು ಹಾಡೂದು ನನ್ನ ಕೈಲೆ ಆಗವಲ್ದು."



"ನಾಹಿದ್, ಬಂದ್ ಮಾಡ ಅದನ್ನ!" ಎಂದು ಶಿವಗಂಗಾ ಧಡಕ್ಕನೆ ಎದ್ದಳು. ಮುದುಕಿ ಇದನ್ನು ಕೇಳಿಸಿಕೊಂಡರೆ ಕೂತಲ್ಲೇ ಸತ್ತುಹೋಗುತ್ತಾಳೆ.

ಕಾವೇರಿಬಾಯಿಗೆ ಏನೂ ಆಗಲಿಲ್ಲ. ಅವರು ಅಳಲೂ ಇಲ್ಲ.

"ಕೂಡವ್ವಾ. ಇಕಿ ಸೊಲ್ಲಾಪುರದಾಗಿನ ನನ್ನ ತಂಗಿ ಮಗಳು. ಕರಕೊಂಡು ಬಂದಾಕಿ ನಾನ. ನಾಹಿದ್‌ಗ ಆಲ್ಬಮ್ ಮಾಡು ಅಂದಾಕಿನೂ ನಾನ. ಇಷ್ಟು ವರ್ಷ ಎಲ್ಲಿದ್ದಿ ಅಂತ ಊರೆಲ್ಲಾ ಕೇಳ್ತು. ನೀವಿಬ್ಬರು ಒಂದು ಸಲಾನೂ ಕೇಳಲಿಲ್ಲ."

ಸ್ಪೀಕರಿನಲ್ಲಿ ಈಗ ಶಿವಗಂಗಾಳದೇ ದನಿ: "ಅಲ್ಲ ಅಂತ ಮಂದಿಗೆ ಹೆಂಗ ಹೇಳ್ತಿ? ಮಾನ್ವಿ ಕಾಲುವ್ಯಾಗ ಆಕಿ ತಲಿ ಒತ್ತಿ ಹಿಡದವರು ನಾವ ಅಂತ ಹೇಳ್ತಿಯೇನು? ಸುಮ್ನ ಎದ್ದು ಹಾಡು."