ಒಳಗಿನಿಂದ ಎಳೆಯುವ ಕೆಲಸ

ಹೊಸ ವಾಷಿಂಗ್ ಮೆಷಿನ್ನು ಮೋಟರ್‌ಹೋಮಿನ ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಾಗ ಗಂಡ ಒಳಗಿದ್ದ, ಹೆಂಡತಿ ಹೊರಗಿದ್ದಳು. ಒಳಗಿನಿಂದ ಎಳೆಯುವುದು ಬುದ್ಧಿವಂತರ ಕೆಲಸ, ತಳ್ಳುವುದನ್ನು ಯಾರು ಬೇಕಾದರೂ ಮಾಡಬಹುದು ಎಂದು ಹಾಗೆ ಹಂಚಿಕೊಟ್ಟವನು ಗಂಡನೇ. ಟೇಪು ಹಿಡಿದು ಮೆಷಿನ್ನು ಅಳೆದಿದ್ದ, ಬಚ್ಚಲು ಅಳೆದಿದ್ದ. ಬಾಗಿಲು ಅಳೆಯುವುದನ್ನು ಮಾತ್ರ ಮರೆತಿದ್ದ.

"ಇನ್ನೊಂದು ಸಲ ತಳ್ಳೇ."

"ತಳ್ಳಿ ತಳ್ಳಿ ನನ್ನ ರಟ್ಟೆ ಬಿದ್ದುಹೋಯ್ತು. ನೀವೇ ಈ ಕಡೆ ತಳ್ಳಿ ನೋಡೋಣ."

ಅವನೂ ತಳ್ಳಿದ. ಬಾಗಿಲಿಗೆ ಅದು ಬಿಸಿತುಪ್ಪವಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು.

ಅವಳು ಶಾಲೆಯ ವ್ಯಾನು ಓಡಿಸಿ ನಿವೃತ್ತಳಾದವಳು. ಅಷ್ಟು ವರ್ಷದಲ್ಲಿ ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಅವನು ವಿಮಾ ಕಚೇರಿಯಲ್ಲಿ ಕೂತು ಅಪಘಾತದ ಫೋಟೋಗಳನ್ನೇ ನೋಡಿದವನು. ತನ್ನನ್ನು ಬಿಟ್ಟು ಭೂಮಿಯ ಮೇಲೆ ಯಾರಿಗೂ ಗಾಡಿ ಓಡಿಸಲು ಬರುವುದಿಲ್ಲ ಎಂದು ನಂಬಿದ್ದ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ, ಇಬ್ಬರೂ ಸೇರಿ ಕೊಂಡ ಈ ಗಾಡಿಯ ಕೀಲಿ ಅವನ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಅವಳು ಕೇಳಿದಾಗಲೆಲ್ಲ, "ನೀನು ಓಡಿಸಿದ್ರೆ ಗಾಡಿ ಕುಲುಕುತ್ತೆ ಕಣೇ" ಎನ್ನುವನು. ಕೇಳಿ ಕೇಳಿ ಸಾಕಾಗಿ, ಇನ್ನು ನಾನು ಪ್ರಯಾಣಕ್ಕೇ ಬರುವುದಿಲ್ಲ ಎಂದಳು. ಸಮಾಧಾನ ಮಾಡಲು ಅವನು ಇದನ್ನು ತಂದ. ಕೇಳಿದ್ದು ಸ್ಟೀರಿಂಗು, ಸಿಕ್ಕಿದ್ದು ವಾಷಿಂಗ್ ಮೆಷಿನ್ನು. ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು.

ಗಾಡಿಯ ಬಾಡಿ ಕಟ್ಟಿದ ಮೇಸ್ತ್ರಿಗೆ ಫೋನು ಹಚ್ಚಿದಳು. "ಚೌಕಟ್ಟೇ ಬಿಚ್ಚಬೇಕಮ್ಮಾ. ನನ್ನ ಸಾಮಾನೆಲ್ಲಾ ಇಲ್ಲಿದೆ, ಗಾಡೀನೇ ತಂದುಬಿಡಿ" ಎಂದ ಮೇಸ್ತ್ರಿ.

ಅವಳು ಅದನ್ನು ಬಚ್ಚಲಿಗೆ ಕೇಳುವಂತೆ ಹೇಳಿದಳು. ಆಮೇಲೆ ಮೆಷಿನ್ನಿನ ಮೇಲಿಂದ ಒಂದು ಕೈ ಬಂತು. ಬೆರಳ ತುದಿಯಲ್ಲಿ ಕೀಲಿ ತೂಗುತ್ತಿತ್ತು.

"ನಿಧಾನ. ಇದು ಮಕ್ಕಳ ವ್ಯಾನಲ್ಲ, ಮನೆ."

"ಗೊತ್ತು. ನೀವು ಕಮೋಡಿನ ಮೇಲೆ ಗಟ್ಟಿಯಾಗಿ ಕೂತ್ಕೊಳ್ಳಿ."

ಅವಳು ಸೀಟನ್ನು ಮುಂದೆಳೆದುಕೊಂಡಳು, ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಗಾಡಿ ಹೊರಟಿತು. "ಗೇರು ಬದಲಾಯಿಸು" ಎಂದು ಬಚ್ಚಲು ಕೂಗುವಷ್ಟರಲ್ಲಿ ಬದಲಾಗಿರುತ್ತಿತ್ತು. "ಬ್ರೇಕು, ಬ್ರೇಕು" ಎಂದಿತು, ರಸ್ತೆ ಖಾಲಿಯಿತ್ತು. ಪಾಪ, ಅಲ್ಲಿಂದ ಅವನಿಗೆ ಕಾಣುತ್ತಿದ್ದುದು ತೂಗುಹಾಕಿದ ಟವೆಲ್ ಒಂದೇ. ಕ್ರಮೇಣ ದನಿ ಇಳಿಯಿತು. ಅವಳು ತನ್ನಷ್ಟಕ್ಕೆ ಒಂದು ಹಾಡು ಗುನುಗತೊಡಗಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಖುಷಿಯಾಗಿತ್ತು.

"ಮೇಸ್ತ್ರಿ ಶೆಡ್ಡು ಬಂತಾ?"

"ಅದು ಆಗಲೇ ಹಿಂದೆ ಹೋಯ್ತು ರೀ."

"ಮತ್ತೆ ಎಲ್ಲಿಗೆ ಹೊರಟಿದ್ದೀಯಾ?"

"ಸಮುದ್ರಕ್ಕೆ. ಬಟ್ಟೆ, ಸೋಪಿನ ಪುಡಿ, ನಲ್ಲಿ ಎಲ್ಲಾ ನಿಮ್ಮ ಹತ್ರಾನೇ ಇದೆ. ಮುಚ್ಚಳ ತೆಗೆದು ನೆನೆಹಾಕಿಬಿಡಿ. ನಾನು ಓಡಿಸಿದ್ರೆ ಗಾಡಿ ಕುಲುಕುತ್ತೆ ಅಂತಿದ್ರಲ್ಲ, ಅವೇ ಒಗೆದುಕೊಳ್ತವೆ."